ಅಡಿವೆಪ್ಪ ಎಡಕ್ಕೆ ನೋಡುವುದಿಲ್ಲ

ಆ ವರ್ಷ ನಮ್ಮ ಊರಿನ ಹಾಕಿ ತಂಡ ಮೊದಲನೆಯ ಪಂದ್ಯವನ್ನು ಹದಿನಾಲ್ಕು–ಸೊನ್ನೆಯಲ್ಲಿ ಸೋತಿತು. ಎದುರಿನವರು ಹದಿನಾಲ್ಕಕ್ಕೆ ನಿಲ್ಲಿಸಿದ್ದು ಮರ್ಯಾದೆಗೆ. ನಮ್ಮ ಗೋಲಿನಲ್ಲಿ ಯಾರೂ ನಿಂತಿರಲಿಲ್ಲ.

ಗೋಲು ಕಾಯುವವನನ್ನು ಇಲ್ಲಿ ಗೋಲಿ ಎನ್ನುತ್ತಾರೆ. ನಮ್ಮ ಗೋಲಿ ಚನ್ನವೀರ ಆಷಾಢದಲ್ಲಿ ತೀರಿಕೊಂಡಿದ್ದ. ಅವನು ನನ್ನ ಗಂಡ. ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತು ಚಹಾ ಕೇಳಿದ. ನಾನು ಚಹಾ ತರುವಷ್ಟರಲ್ಲಿ ಹೋಗಿಬಿಟ್ಟಿದ್ದ. ಡಾಕ್ಟರು ಹೃದಯ ಎಂದರು. ವಯಸ್ಸು ಮೂವತ್ತೊಂದು.

ಈ ಊರಿನಲ್ಲಿ ಯಾರಾದರೂ ತೀರಿಕೊಂಡರೆ ಅವರು ಮಾಡುತ್ತಿದ್ದ ಕೆಲಸವನ್ನು ಬೇರೆಯವರು ಕೈಗೆತ್ತಿಕೊಳ್ಳುವುದಿಲ್ಲ. ಸತ್ತವರ ಮನೆಯವರು ಜಾಗ ಬಿಡಬೇಕು. ಅಂದರೆ ಆ ಕೆಲಸದ ಸಾಮಾನನ್ನು ತಾವೇ ಹೊತ್ತುಕೊಂಡು ಹೋಗಿ, ಕೆಲಸದ ಸ್ಥಳದಲ್ಲಿ ಇಟ್ಟು, ಜಾಗ ಬಿಟ್ಟಿದ್ದೇವೆ ಎಂದು ಹೇಳಬೇಕು. ಯಾವಾಗ ಹೇಳುವುದು ಎಂಬುದು ಅವರಿಗೆ ಬಿಟ್ಟದ್ದು. ಉಳಿದವರು ಕೇಳಕೂಡದು. ಸೂಚಿಸಕೂಡದು. ಅವರ ಮನೆಯ ಮುಂದೆ ನಿಂತು ನಿಟ್ಟುಸಿರು ಬಿಡುವುದೂ ಕೂಡದು.

ಕ್ಷೌರದ ಅಂಗಡಿಯ ಫಕೀರಪ್ಪ ಹೋದಾಗ ಒಂದು ಮಳೆಗಾಲವಿಡೀ ಊರಿನ ಗಂಡಸರು ಹೆಗಲ ತನಕ ಕೂದಲು ಬಿಟ್ಟುಕೊಂಡು ಓಡಾಡಿದರಂತೆ. ಶಾಲೆಯ ಗಣಿತದ ಮಾಸ್ತರರ ತಂಗಿ ಎರಡು ವರ್ಷ ಜಾಗ ಬಿಡಲಿಲ್ಲ. ಆಗ ಶಾಲೆಯಲ್ಲಿದ್ದ ಮಕ್ಕಳು ಈಗ ದೊಡ್ಡವರಾಗಿದ್ದಾರೆ, ಸಂಸಾರವಂದಿಗರು. ಅವರಿಗೆ ಭಾಗಾಕಾರ ಬರುವುದಿಲ್ಲ. ಮದುವೆ ಮನೆಯಲ್ಲಿ ಲಡ್ಡು ಹಂಚಲು ನಿಂತರೆ ಒಂದೊಂದಾಗಿ ಎಲ್ಲರ ಎಲೆಗೂ ಇಡುತ್ತಾ, ಮುಗಿಯುವ ತನಕ ಮತ್ತೆ ಮೊದಲಿನಿಂದ ಇಡುತ್ತಾ ಹೋಗುತ್ತಾರೆ. ಊಟಕ್ಕೆ ಕೂತವರು ಕಾಯುತ್ತಾರೆ. ಯಾರೂ ಏನೂ ಅನ್ನುವುದಿಲ್ಲ.

ನನ್ನ ಮಾವ ಗಡಿಯಾರದ ಗೋಪುರಕ್ಕೆ ಕೀಲಿ ಕೊಡುತ್ತಿದ್ದರು. ಅವರು ಹೋದ ಮೇಲೆ ಅತ್ತೆ ಸಂಗವ್ವ ನಾಲ್ಕು ವರ್ಷ ಜಾಗ ಬಿಡಲಿಲ್ಲ. ಗಡಿಯಾರ ಹತ್ತೂಕಾಲಿಗೆ ನಿಂತಿತ್ತು. ಊರವರು ಬಿಸಿಲು ನೋಡಿ ಅಂಗಡಿ ತೆರೆದರು, ಹಸಿವು ನೋಡಿ ಮುಚ್ಚಿದರು. ಆ ಕಾಲದಲ್ಲಿ ಮದುವೆಯಾದವರೆಲ್ಲರೂ ಹತ್ತೂಕಾಲಿನ ಮುಹೂರ್ತದಲ್ಲೇ ಆದರು.

ನಾನು ಬೇರೆ ಊರಿನವಳು. ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿ, ಇಲ್ಲಿಯ ಕಾಲೇಜಿಗೆ ಪಾಠ ಹೇಳಲು ಬಂದು, ಊರಿಗೆಲ್ಲ ‘ಬಾಯಾರು’ ಆಗಿ, ಗೋಲಿಯನ್ನು ಮದುವೆಯಾದೆ. ಈ ರೂಢಿಯನ್ನು ಮೊದಲ ಸಲ ಕೇಳಿದಾಗ ನಕ್ಕಿದ್ದೆ.

ಇಲ್ಲಿಯ ಕೆರೆ ಕಾರ್ತಿಕದ ಕೊನೆಗೆ ಹೆಪ್ಪುಗಟ್ಟುತ್ತದೆ, ಹೋಳಿ ಹುಣ್ಣಿಮೆಗೆ ಕರಗುತ್ತದೆ. ನಡುವಿನ ತಿಂಗಳುಗಳಲ್ಲಿ ಅದರ ಮೇಲೆ ಹಾಕಿ ಎಂಬ ಆಟ ಆಡುತ್ತಾರೆ. ಕಾಲಿಗೆ ಸ್ಕೇಟು, ಕೈಯಲ್ಲಿ ಕೋಲು, ಚೆಂಡಿನ ಬದಲು ಕಪ್ಪು ರಬ್ಬರಿನ ಬಿಲ್ಲೆ. ದಡದ ಮೇಲೆ ಒಳ್ಳೆಯ ಬಿಸಿಲಿರುತ್ತದೆ. ಜನ ತಲೆಗೆ ಟವೆಲ್ಲು ಹೊದ್ದುಕೊಂಡು ಶೇಂಗಾ ತಿನ್ನುತ್ತಾ ನೋಡುತ್ತಾರೆ. ನಮ್ಮದೂ ಸೇರಿ ಸುತ್ತಿನ ಎಂಟು ಊರುಗಳಲ್ಲಿ ಹೀಗೇ ಕೆರೆಗಳಿವೆ, ತಂಡಗಳಿವೆ. ಆಡುವವರಿಗೆ ಸಂಬಳವಿದೆ; ವರ್ಷವಿಡೀ ಅದೇ ಅವರ ಕೆಲಸ. ಎಂಟೂ ತಂಡಗಳ ಮೇಲೆ ಒಂದು ಮಂಡಳಿಯಿದೆ. ಎಲ್ಲರಿಗಿಂತ ಕೆಳಗೆ ಬಿದ್ದ ತಂಡಕ್ಕೆ ಮಂಡಳಿ ಒಂದು ಅವಕಾಶ ಕೊಡುತ್ತದೆ. ಅದು ತನ್ನ ಕೊನೆಯ ಪಂದ್ಯವನ್ನು ಸೋಲಬಹುದು, ಆದರೆ ನಾಲ್ಕು ಗೋಲುಗಳಿಗಿಂತ ಹೆಚ್ಚಿನ ಅಂತರದಿಂದ ಸೋಲಬಾರದು. ಹಾಗೆ ಸೋತರೆ ತಂಡವನ್ನು ಮುಚ್ಚುತ್ತಾರೆ. ಹಾಗೆ ಮುಚ್ಚಿದ ಊರೊಂದನ್ನು ನಾನು ನೋಡಿದ್ದೇನೆ. ಕೆರೆ ಈಗಲೂ ಹೆಪ್ಪುಗಟ್ಟುತ್ತದೆ. ಅದರ ಮೇಲೆ ಹಪ್ಪಳ ಒಣಗಿಸುತ್ತಾರೆ.

ನಮ್ಮ ಊರಿನಲ್ಲಿ ಇನ್ನೊಂದು ಅಭ್ಯಾಸವಿತ್ತು. ಗೋಲು ಬಿದ್ದಾಗ ಜನ ಎದುರಾಳಿಯನ್ನಾಗಲಿ ರೆಫ್ರಿಯನ್ನಾಗಲಿ ಬೈಯುತ್ತಿರಲಿಲ್ಲ. ತಮ್ಮ ಗೋಲಿಯನ್ನೇ ಬೈಯುತ್ತಿದ್ದರು. "ಗೋಲಿನಾಗ ನಿಂತೀಯೋ, ಬೀಗರ ಮನೀ ಕಟ್ಟೀ ಮ್ಯಾಲೆ ಕುಂತೀಯೋ!" "ನಿನ್ನ ಬದ್ಲಿ ಒಂದು ಬಾಗಲಾ ನಿಲ್ಲಿಸಿದ್ರ ಚೊಲೊ ಇತ್ತು!" ಚನ್ನವೀರ ಇದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಮನೆಗೆ ಬರುತ್ತಿದ್ದ. ರಾತ್ರಿ ಊಟಕ್ಕೆ ಕೂತಾಗ ಅತ್ತೆ ರೊಟ್ಟಿ ಹಾಕುತ್ತಾ ಕೇಳುತ್ತಿದ್ದರು, "ಇವತ್ತ ಹೊಸಾವು ಯಾವು?" ಅವನು ಹೇಳುತ್ತಿದ್ದ. ಹಳೆಯದನ್ನು ಸೇರಿಸಿದರೆ ಅತ್ತೆ ತಕ್ಷಣ ಹಿಡಿಯುತ್ತಿದ್ದರು. "ಅದು ಹ್ವಾದ ವರ್ಷದ್ದಲ್ಲೋ. ಶಾನ್ಯಾ ಆಗಬ್ಯಾಡ."

ಆಷಾಢದಿಂದ ಕಾರ್ತಿಕದ ತನಕ ಎಷ್ಟೋ ಸಮಯವಿತ್ತು. ಕೆರೆ ಗಡ್ಡೆ ಕಟ್ಟುವುದರೊಳಗೆ ನಾನು ಜಾಗ ಬಿಡುತ್ತೇನೆ ಎಂದು ಊರು ಅಂದುಕೊಂಡಿತ್ತು. ಗೋಲಿಯ ಸಾಮಾನೆಂದರೆ ಎರಡು ಕಾಲುಪ್ಯಾಡುಗಳು. ಪಾದದಿಂದ ತೊಡೆಯ ತನಕ ಬರುವ, ಹಾಸಿಗೆಯಷ್ಟು ದಪ್ಪದ ಚರ್ಮದ ಪ್ಯಾಡುಗಳು. ಅವು ಪಡಸಾಲೆಯ ಮೂಲೆಯಲ್ಲಿ ಗೋಡೆಗೆ ಒರಗಿ ನಿಂತಿದ್ದವು. ನಾನು ಕಾಲೇಜಿಗೆ ಹೋದೆ, ಬಂದೆ, ಅಡುಗೆ ಮಾಡಿದೆ. ಬಿಡಬಾರದು ಎಂದೇನೂ ನಿರ್ಧರಿಸಿರಲಿಲ್ಲ. ಯಾವುದನ್ನೂ ನಿರ್ಧರಿಸಿರಲಿಲ್ಲ. ಆ ದಿನಗಳಲ್ಲಿ ಉಪ್ಪು ಕಡಿಮೆಯಾಗಿದೆಯೋ ಹೆಚ್ಚಾಗಿದೆಯೋ ಎಂದು ಅತ್ತೆ ಕೇಳಿದರೆ ನನಗೆ ಹೇಳಲು ಬರುತ್ತಿರಲಿಲ್ಲ.

ಮೊದಲ ಪಂದ್ಯದ ದಿನ ಎದುರಾಳಿ ತಂಡದ ನಾಯಕ ನಮ್ಮ ನಾಯಕ ರಾಚಪ್ಪನ ಹತ್ತಿರ ಬಂದು ಕೇಳಿದ, "ನಿಮ್ಮ ಗೋಲಿ ಎಲ್ಲೆದಾನ?"

"ತೀರಿಕೊಂಡ."

"ಕೇಳಿದ್ದೆ. ಎರಡನೇ ಗೋಲಿ?"

"ಬೆಂಚಿನ ಮ್ಯಾಲೆ ಅದಾನ. ಮನ್ಯಾನವರು ಇನ್ನಾ ಜಾಗಾ ಬಿಟ್ಟಿಲ್ಲ."

ಆ ನಾಯಕ ಹೌದೆಂದು ತಲೆಯಾಡಿಸಿ ಹೋದ. ಹದಿನಾಲ್ಕು ಗೋಲು ಹೊಡೆದ.

ಎರಡನೆಯ ಗೋಲಿ ಅಡಿವೆಪ್ಪ. ದೊಡ್ಡ ಆಳು, ಮೂವತ್ತೆಂಟು ದಾಟಿದವನು. ಚನ್ನವೀರನಿಗೆ ಜ್ವರ ಬಂದಾಗ, ಕೈ ಉಳುಕಿದಾಗ, ಅಷ್ಟಿಷ್ಟು ಆಡಿದವನು. ಉಳಿದಂತೆ ಆರು ವರ್ಷ ಬೆಂಚಿನ ಮೇಲೆ ಕೂತು ಶೇಂಗಾ ಸುಲಿದವನು. ಮುಂದಿನ ವರ್ಷಕ್ಕೆ ಅವನ ಮೊಣಕಾಲು ಉಳಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಇದು ಅವನ ಕೊನೆಯ ವರ್ಷ, ಇದೊಂದೇ ಅವನ ಸರದಿ. ಅವನು ಬಾಯಿ ಬಿಡುವಂತಿರಲಿಲ್ಲ.

ಉಳಿದ ಐದು ಜನ ಆಡಿದರು. ಗೋಲಿನ ಮುಂದೆ ಮಂಜುಗಡ್ಡೆಯ ಮೇಲೆ ಗೀರಿದ ಅರ್ಧಚಂದ್ರವಿರುತ್ತದೆ, ಗೋಲಿ ನಿಲ್ಲುವ ಜಾಗ. ಅದರೊಳಗೆ ಯಾರೂ ಕಾಲಿಡಲಿಲ್ಲ. ಬಿಲ್ಲೆಯ ಹಿಂದೆ ವೇಗವಾಗಿ ಬಂದವರೂ ಅದರ ಅಂಚಿನಲ್ಲಿ ಸುತ್ತು ಹಾಕಿ ಹೋಗುತ್ತಿದ್ದರು. ಎದುರಾಳಿಗಳು ಒಬ್ಬೊಬ್ಬರು ಒಂದೊಂದು ಥರ. ಕೆಲವರು ಹನ್ನೊಂದು ಹೊಡೆದು ನಮಸ್ಕಾರ ಮಾಡಿ ಹೋದರು. ಕೆಲವರು ಮೈದಾನದ ಅರ್ಧದಿಂದ ಈಚೆಗೆ ಬಂದು ಹೊಡೆಯುವುದಿಲ್ಲ ಎಂದು ತಾವೇ ನಿಯಮ ಹಾಕಿಕೊಂಡರು; ಆದರೂ ಒಂಬತ್ತು ಬಿದ್ದವು. ಹೊಳೆಯಾಚೆಯ ಊರಿನವರು ಬಂದು, ಖಾಲಿ ಗೋಲನ್ನು ನೋಡಿ, ಗುಂಪಾಗಿ ನಿಂತು ಮಾತಾಡಿಕೊಂಡು, ಒಂದು ಸಲವೂ ಗೋಲಿನತ್ತ ಹೊಡೆಯಲಿಲ್ಲ. ನಮ್ಮವರಿಗೂ ಹೊಡೆಯಲಾಗಲಿಲ್ಲ. ಸೊನ್ನೆ–ಸೊನ್ನೆ. ಆ ವರ್ಷ ನಾವು ಸೋಲದ ಪಂದ್ಯ ಅದೊಂದೇ. ಮಂಡಳಿ ಅವರನ್ನು ಕರೆಸಿ ಬುದ್ಧಿ ಹೇಳಿತಂತೆ.

ಸತ್ತವರ ಮನೆಯವರಿಗೆ ಗೋಲಿನ ಹಿಂದೆ ಬೇವಿನ ಮರದ ಕೆಳಗೆ ಕೂರಲು ಒಂದು ಹಲಗೆ ಕಾದಿಟ್ಟಿರುತ್ತಿದ್ದರು. ನಾನು ಪ್ರತಿ ಪಂದ್ಯಕ್ಕೂ ಹೋದೆ. ಹೋಗದಿದ್ದರೆ ಜಾಗ ಬಿಡಲು ಮನಸ್ಸಿಲ್ಲ ಎಂದಾಗುತ್ತದೆ, ಅದು ಸೂಚನೆಯಂತೆ ಕಾಣುತ್ತದೆ ಎಂದು ಅತ್ತೆ ಹೇಳಿದ್ದರು. ಬಿಲ್ಲೆ ಬಂದು ಬಲೆಗೆ ಬೀಳುತ್ತಿತ್ತು. ಜನ ಸುಮ್ಮನಿರುತ್ತಿದ್ದರು. ಬೈಯಲು ಅಲ್ಲಿ ಯಾರೂ ಇರಲಿಲ್ಲ. ಒಬ್ಬರೂ ನನ್ನ ಕಡೆ ನೋಡುತ್ತಿರಲಿಲ್ಲ. ಅಷ್ಟು ಜನ ಒಟ್ಟಿಗೆ ನೋಡದೆ ಇರುವುದು ಬೆನ್ನಿಗೆ ತಾಗುತ್ತದೆ.

ಪೇಟೆಯಲ್ಲೂ ಹಾಗೆಯೇ. ನನ್ನ ಎದುರಿಗೆ ಜನ ಕೆಲವು ಮಾತುಗಳನ್ನು ನುಂಗತೊಡಗಿದರು. ಸಿಟಿ ಬಸ್ಸಿನ ಕಂಡಕ್ಟರ್ ದೊಡ್ಡ ಗಂಟಲಿನವನು. "ಜಾಗಾ ಐತಿ, ಒಳಗ ಸರೀರಿ, ಜಾಗಾ ಐತಿ," ಎಂದು ದಿನವಿಡೀ ಕೂಗುವುದೇ ಅವನ ಬದುಕು. ನಾನು ಹತ್ತಿದ ದಿನ ಬಾಯಿ ತೆರೆದು, ನನ್ನನ್ನು ನೋಡಿ, ಸ್ವಲ್ಪ ಹೊತ್ತು ತೆರೆದ ಬಾಯಲ್ಲೇ ನಿಂತ. ಆಮೇಲೆ, "ಒಳಗ... ಒಳಗ ಗಾಳಿ ಭಾಳ ಚೊಲೊ ಐತ್ರಿ," ಎಂದ. ಮುಂದೆ ಅದೇ ಅವನ ರೂಢಿಯಾಯಿತು. ನಾನಿಲ್ಲದ ದಿನವೂ ಗಾಳಿ ಚೊಲೊ ಐತಿ ಎಂದೇ ಜನರನ್ನು ಒಳಗೆ ತಳ್ಳುತ್ತಿದ್ದನಂತೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಪಡಸಾಲೆಯ ಮೂಲೆಯಲ್ಲಿ ಸಣ್ಣ ಸದ್ದು ಕೇಳಿಸಿತು. ಬೀದಿಯ ಬೆಕ್ಕೊಂದು ಎರಡು ಪ್ಯಾಡುಗಳ ನಡುವೆ ಮರಿ ಹಾಕಿತ್ತು. ಮೂರು. ನಾನು ಮರಿಗಳನ್ನು ಬುಟ್ಟಿಗೆ ಸಾಗಿಸಿ, ಪ್ಯಾಡುಗಳನ್ನು ಸೀಗೆಪುಡಿ ಹಾಕಿ ಉಜ್ಜಿ, ಕಂಪೌಂಡಿನ ಗೋಡೆಯ ಮೇಲೆ ಬಿಸಿಲಿಗೆ ಹಾಕಿದೆ. ಆಮೇಲೆ ಒಳಗೆ ಹೋಗಿ ಸಾರಿಗೆ ಇಟ್ಟೆ.

ಸಾರು ಕುದಿಯುವಷ್ಟರಲ್ಲಿ ಬೀದಿಯಲ್ಲಿ ಸದ್ದಾಯಿತು. ಬಾಗಿಲಿಗೆ ಬಂದು ನೋಡಿದರೆ ಇಡೀ ತಂಡ ನಿಂತಿತ್ತು. ರಾಚಪ್ಪನ ಕೈಯಲ್ಲಿ ಕಾಯಿ, ಬೆಲ್ಲ, ಪೇಢೆಯ ಡಬ್ಬಿ. ಹಿಂದೆ ಅರ್ಧ ಊರು. ಎಲ್ಲರ ಮುಂದೆ ಅಡಿವೆಪ್ಪ. ಸ್ನಾನ ಮಾಡಿ, ಹಣೆತುಂಬ ವಿಭೂತಿ ಹಚ್ಚಿಕೊಂಡು, ಮದುವೆಯಲ್ಲಿ ಹೊಲಿಸಿದ್ದಿರಬೇಕು, ಗುಂಡಿ ಹಾಕಲು ಬಾರದ ಕೋಟು ತೊಟ್ಟುಕೊಂಡು ಬಂದಿದ್ದ. ಯಾರೋ ತಮಟೆಯನ್ನೂ ತಂದಿದ್ದರು, ಇನ್ನೂ ಬಡಿದಿರಲಿಲ್ಲ. ಎಲ್ಲರೂ ಗೋಡೆಯ ಮೇಲಿನ ಪ್ಯಾಡುಗಳನ್ನು ನೋಡುತ್ತಿದ್ದರು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಬೆಕ್ಕು ಮರಿ ಹಾಕಿತ್ತು," ಎಂದೆ. "ತೊಳದು ಒಣಗ ಹಾಕೀನಿ."

ತಮಟೆ ತಂದವನು ಅದನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ. ಅಡಿವೆಪ್ಪ ಕೋಟಿನ ಎರಡು ಅಂಚುಗಳನ್ನು ಹಿಡಿದುಕೊಂಡು ನಿಂತಿದ್ದ. ರಾಚಪ್ಪ ಕಾಯಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

"ಎಷ್ಟ ಮರಿ, ವೈನಿ?" ಎಂದ.

"ಮೂರು."

"ಮೂರಾ! ಚೊಲೊ ಆತು." ಹಿಂದೆ ತಿರುಗಿ, "ಮೂರು ಮರಿ ಅಂತ," ಎಂದ. ಹಿಂದಿನವರು ತಮ್ಮ ಹಿಂದಿನವರಿಗೆ ಹೇಳಿದರು. ಬೀದಿಯ ಕೊನೆಯ ತನಕ ಆ ಸುದ್ದಿ ಹೋಯಿತು. "ಅದನ್ನ ನೋಡಾಕ ಬಂದಿದ್ವಿ ನಾವು. ಮತ್ತೇನಿಲ್ಲ."

ಒಳಗಿಂದ ಅತ್ತೆ ಬಂದರು. ಬಾಗಿಲಲ್ಲಿ ನಿಂತು ಎಲ್ಲವನ್ನೂ ಒಂದು ಸಲ ನೋಡಿದರು. "ಬೆಕ್ಕಿನ ಬಾಣಂತನಕ್ಕ ಪೇಢೆ ತಂದೀರಿ? ಬರ್ರಿ, ಚಾ ಕುಡದು ಹೋಗ್ರಿ," ಎಂದರು.

ಎಲ್ಲರೂ ಅಂಗಳದಲ್ಲಿ ಕೂತು ಚಹಾ ಕುಡಿದರು. ಬೆಕ್ಕುಗಳ ಬಗ್ಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದರು. ಮರಿಯ ಕಣ್ಣು ಯಾವಾಗ ಬಿಡುತ್ತದೆ ಎಂಬುದರ ಮೇಲೆ ಸಣ್ಣ ಜಗಳವೂ ಆಯಿತು. ಹೋಗುವಾಗ ಅಡಿವೆಪ್ಪ ಹಿಂದೆ ಉಳಿದ. ಬರಿಗೈಯಲ್ಲಿ ಮನೆಗೆ ಹೋಗುವುದು ಅವನಿಗೆ ಕಷ್ಟವಾಗಿತ್ತು. ಬುಟ್ಟಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು, "ಬಾಯಾರ, ಹಾಲು ಬಿಟ್ಟ ಮ್ಯಾಲೆ ಒಂದು ಮರಿ ನನಗ ಕೊಡ್ರಿ," ಎಂದ. "ಮನ್ಯಾಗ ಹೇಳಿ ಬಂದೀನಿ, ಏನರೆ ತರ್ತೀನಿ ಅಂತ."

ಕೊಡುತ್ತೇನೆ ಎಂದೆ. ಪ್ಯಾಡುಗಳು ಒಣಗಿದ ಮೇಲೆ ಒಳಗೆ ತಂದು ಅದೇ ಮೂಲೆಗೆ ಒರಗಿಸಿದೆ. ಮುಂದಿನ ಪಂದ್ಯ ಹನ್ನೆರಡು–ಸೊನ್ನೆ.

ಶಿವರಾತ್ರಿಯ ಹೊತ್ತಿಗೆ ಎರಡು ಪಂದ್ಯ ಉಳಿದಿದ್ದವು. ಎಲ್ಲರಿಗಿಂತ ಕೆಳಗೆ ನಾವೇ ಎಂಬುದು ಎಂದೋ ಖಚಿತವಾಗಿತ್ತು. ಈಗ ಉಳಿದ ಪ್ರಶ್ನೆ ಒಂದೇ. ಕೊನೆಯ ಪಂದ್ಯವನ್ನು ನಾಲ್ಕು ಗೋಲಿನ ಅಂತರದೊಳಗೆ ಸೋಲುವುದು ಸಾಧ್ಯವೇ? ನನಗೆ ಲೆಕ್ಕ ಬರುತ್ತದೆ. ಖಾಲಿ ಗೋಲು ಇಟ್ಟುಕೊಂಡು ಅದು ಸಾಧ್ಯವಿರಲಿಲ್ಲ. ಇದು ಗೊತ್ತಾಗಲು ಸಂಖ್ಯಾಶಾಸ್ತ್ರವೂ ಬೇಕಿರಲಿಲ್ಲ. ರಾಚಪ್ಪ ತನ್ನ ಭಾವನ ಹಿಟ್ಟಿನ ಗಿರಣಿಯಲ್ಲಿ ಕೆಲಸ ಕಲಿಯುತ್ತಿದ್ದಾನೆ ಎಂದು ಕಾಲೇಜಿನಲ್ಲಿ ಯಾರೋ ಹೇಳಿ, ನಾನು ಕೂತಿರುವುದನ್ನು ನೋಡಿ, ಗಿರಣಿಯ ಬೆಲ್ಟಿನ ಬಗ್ಗೆ ಮಾತು ತಿರುಗಿಸಿದರು.

ಕೊನೆಯದರ ಹಿಂದಿನ ಪಂದ್ಯಕ್ಕೆ ಹೋದಾಗ ನನ್ನ ಹಲಗೆಯ ಮೇಲೆ ಬೇವಿನ ಕೊಂಬೆ ಮುರಿದು ಬಿದ್ದಿತ್ತು. ಎತ್ತಿ ಹಾಕಲು ನಾಲ್ಕು ಜನ ಬೇಕಾಗುವಷ್ಟು ದೊಡ್ಡದು. ಆಟ ಆಗಲೇ ಶುರುವಾಗಿತ್ತು. ನಾನು ಸುತ್ತಿಕೊಂಡು ಹೋಗಿ ಮೈದಾನದ ಉದ್ದದ ಬದಿಗೆ, ಆಟಗಾರರ ಬೆಂಚಿನ ಎದುರಿನ ದಡದಲ್ಲಿ ಕೂತೆ. ಬಿಸಿಲು ಗೋಲಿನ ಕಡೆಯಿಂದ ಕಣ್ಣಿಗೆ ಹೊಡೆಯುತ್ತಿತ್ತು. ಅತ್ತ ನೋಡಲಾಗದೆ ಎದುರಿಗೆ ನೋಡಿದೆ. ಬೆಂಚಿನ ಮೇಲೆ ಅಡಿವೆಪ್ಪ ಒಬ್ಬನೇ ಕೂತು ಶೇಂಗಾ ಸುಲಿಯುತ್ತಿದ್ದ.

ಎದುರಾಳಿಯೊಬ್ಬ ಬಿಲ್ಲೆ ಹೊಡೆದ. ಬೆಂಚಿನ ಮೇಲೆ ಅಡಿವೆಪ್ಪನ ಬಲಗೈ ಥಟ್ಟನೆ ಹೊರಗೆ ಚಾಚಿ ಮುಚ್ಚಿಕೊಂಡಿತು. ಶೇಂಗಾ ಚೆಲ್ಲಿದವು. ಅವನು ಅವನ್ನು ಆರಿಸಿ ಮತ್ತೆ ಮಡಿಲಿಗೆ ಹಾಕಿಕೊಂಡ. ತಾನು ಕೈ ಚಾಚಿದ್ದು ಅವನಿಗೇ ತಿಳಿದಂತಿರಲಿಲ್ಲ. ಮತ್ತೊಂದು ಹೊಡೆತ. ಮೊಣಕಾಲುಗಳು ಪಟ್ಟನೆ ಕೂಡಿದವು. ಆ ವರ್ಷ ನಮ್ಮ ಖಾಲಿ ಗೋಲಿಗೆ ಬಂದ ಒಂದೊಂದು ಬಿಲ್ಲೆಯನ್ನೂ ಅವನು ಅಲ್ಲಿ ಕೂತಲ್ಲೇ ಹಿಡಿಯುತ್ತಾ ಬಂದಿದ್ದಾನೆ ಎಂದು ನನಗೆ ಹೊಳೆಯಿತು. ನಾನು ಅಷ್ಟೂ ಪಂದ್ಯಗಳಲ್ಲಿ ಗೋಲನ್ನೇ ನೋಡಿದ್ದೆ.

ಆಮೇಲೆ ಗೋಲಿನತ್ತ ನೋಡಲೇ ಇಲ್ಲ. ಬಿಲ್ಲೆ ಹೊರಟ ದಿಕ್ಕನ್ನಷ್ಟೇ ಗಮನಿಸಿ ಅವನನ್ನೇ ನೋಡುತ್ತಾ ಕೂತೆ. ಬಲಕ್ಕೆ ಬಂದದ್ದನ್ನು ಹಿಡಿದ. ಕಾಲಿಗೆ ಬಂದದ್ದನ್ನು ತಡೆದ. ಎಡಕ್ಕೆ ಬಂದ ಬಿಲ್ಲೆಗೆ ಅವನ ಕೈ ಏಳಲೇ ಇಲ್ಲ. ಬಿಲ್ಲೆ ಬಲೆಗೆ ಬಿದ್ದ ಸದ್ದಾದ ಮೇಲೆ ಸ್ವಲ್ಪ ಎದ್ದು ಬಿದ್ದಿತು. ಇನ್ನೊಮ್ಮೆ ಎಡಕ್ಕೆ. ಮತ್ತೆ ಹಾಗೆಯೇ.

ಇವನು ಎಡಕ್ಕೆ ನೋಡುವುದೇ ಇಲ್ಲವಲ್ಲ ಎಂದುಕೊಂಡೆ.

ನನಗೆ ಸಿಟ್ಟು ಬಂತು. ಎಷ್ಟು ಸಿಟ್ಟು ಬಂತೆಂದರೆ ಎದ್ದು ನಿಂತು ಮತ್ತೆ ಕೂತೆ. ಎಡಕ್ಕೆ ಬಂದದ್ದನ್ನು ಹಿಡಿಯಲು ಏನು ಕಷ್ಟ? ತಲೆ ತಿರುಗಿಸಿದರೆ ಸಾಕು. ಮನೆಗೆ ಹೋಗುವ ದಾರಿಯಲ್ಲೂ ಇದೇ ಯೋಚನೆ. ಅತ್ತೆ ಬಡಿಸಿದ ಸಾರು ಬಾಯಿಗಿಟ್ಟಾಗ ಉಪ್ಪು ಹೆಚ್ಚಾಗಿದೆ ಎಂದು ತಿಳಿಯಿತು. ಹೇಳಿದೆ.

ಅತ್ತೆ ಸಾರನ್ನು ರುಚಿ ನೋಡಿ, "ಹೌದು, ಎರಡು ಸಲ ಹಾಕೀನಿ," ಎಂದರು. ನನ್ನನ್ನು ಸ್ವಲ್ಪ ಹೊತ್ತು ನೋಡಿದರು.

ಮರುದಿನ ಇಬ್ಬರೂ ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಗ ಕೇಳಿದೆ. ಒಂದೇ ಮನೆಯವರಾದ್ದರಿಂದ ನಾವಿಬ್ಬರೂ ಅದನ್ನು ಮಾತಾಡಬಹುದಿತ್ತು, ಆದರೂ ಆ ತನಕ ಮಾತಾಡಿರಲಿಲ್ಲ.

"ಅತ್ತಿ, ನೀವು ಗಡಿಯಾರದ ಜಾಗಾ ಯಾಕ ಬಿಟ್ರಿ?"

"ಹಾಲಿನವನ ಸಲುವಾಗಿ."

"ಅಂವ ಕೇಳಿದನ?"

"ಅಂವ ಯಾಕ ಕೇಳ್ತಾನ, ಜೀವದ ಮ್ಯಾಲೆ ಆಸೆ ಇಲ್ಲೇನು ಅವಗ? ಒಂದಿನ ಹೊತ್ತು ಮಾಡಿ ಬಂದ. ನಾ ಬೈಯಾಕಂತ ಹೊರಗ ಹ್ವಾದೆ. ಬಾಯಿ ತಗದೆ. ಎಷ್ಟಕ್ಕ ಬರಬೇಕಿತ್ತು ಅಂತ ಹೇಳಲಿ? ಊರಾಗ ಹೊತ್ತಽ ಇಲ್ಲ. ಅಂವ ಕ್ಯಾನು ಹಿಡಕೊಂಡು ನಿಂತಾನ, ಬೈಸಿಕೊಳ್ಳಾಕ ತಯಾರಾಗಿ. ನನ್ನ ಬಾಯಾಗ ಮಾತಿಲ್ಲ." ಅತ್ತೆ ಒಂದು ಹುಳುಕು ಕಾಯಿಯನ್ನು ದೂರ ಎಸೆದರು. "ನಿಮ್ಮ ಮಾವ ಹ್ವಾದದ್ದಕ್ಕ ನಾಲ್ಕು ವರ್ಷ ಅತ್ತೀನಿ. ಆದ್ರ ಬೈಯಾಕ ಬರದಂಗ ಹೆಂಗಿರೂದು? ಮರುದಿನ ಮುಂಜಾನೆ ಕೀಲಿ ಒಯ್ದು ಗ್ವಾಪುರದಾಗ ಇಟ್ಟು ಬಂದೆ."

ಸಂಜೆ ಅವರು ಸೂಜಿ ದಾರ ತೆಗೆದುಕೊಂಡು ಪಡಸಾಲೆಯ ಮೂಲೆಗೆ ಹೋಗಿ, ಎಡಗಾಲಿನ ಪ್ಯಾಡಿನ ಕಿತ್ತುಹೋದ ಪಟ್ಟಿಯನ್ನು ಹೊಲಿಯುತ್ತಾ ಕೂತಿದ್ದನ್ನು ನೋಡಿದೆ. ಒಂದು ಹೊಲಿಗೆ ಹಾಕಲು ಅಷ್ಟು ಹೊತ್ತು ಬೇಕಾಗುವುದಿಲ್ಲ. ದೀಪ ಹಚ್ಚುವ ಹೊತ್ತಾದರೂ ಅವರು ಪ್ಯಾಡನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಇದ್ದರು.

ತಂಡವನ್ನು ಉಳಿಸಲು ನಾನು ಜಾಗ ಬಿಟ್ಟೆ ಎಂದು ಊರಿನಲ್ಲಿ ಈಗ ಹೇಳುತ್ತಾರೆ. ಹಾಗೇನೂ ಇಲ್ಲ. ಅಡಿವೆಪ್ಪನ ಎಡಗೈ ನನ್ನನ್ನು ಬಿಡಲಿಲ್ಲ.

ಕೊನೆಯ ಪಂದ್ಯದ ದಿನ ಎರಡೂ ಪ್ಯಾಡುಗಳನ್ನು ಹೆಗಲಿಗೆ ಹಾಕಿಕೊಂಡು ಹೊರಟೆ. ಅವು ಇಷ್ಟು ಭಾರ ಎಂದು ಗೊತ್ತಿರಲಿಲ್ಲ. ಚನ್ನವೀರ ಅವನ್ನು ಒಂದೇ ಕೈಯಲ್ಲಿ ಎತ್ತುತ್ತಿದ್ದ. ಜಾಗ ಬಿಡಲು ಹೋಗುವವರಿಗೆ ಯಾರೂ ಕೈ ಕೊಡುವಂತಿಲ್ಲ. ಬೀದಿಯಲ್ಲಿ ನನ್ನನ್ನು ನೋಡಿದವರು ನೋಡದವರಂತೆ ಅಂಗಡಿಯೊಳಗೆ ಹೋದರು, ಮರಗಳ ಕಡೆ ತಿರುಗಿ ನಿಂತರು. ಬಸ್ಸು ನಿಂತಿತ್ತು, ಕಂಡಕ್ಟರ್ ಮೆಟ್ಟಿಲ ಮೇಲೆ ನಿಂತು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಿದ್ದ. ಬೆಕ್ಕಿನ ಸಲ ಪೇಢೆ ತಂದು ಮರಳಿದ ಊರಿನಲ್ಲಿ ಈ ಸಲ ಯಾರೂ ತಮಟೆ ಮುಟ್ಟಲಿಲ್ಲ.

ಕೆರೆಯ ದಡದಲ್ಲಿ ಆಟಗಾರರು ಸ್ಕೇಟು ಕಟ್ಟಿಕೊಳ್ಳುತ್ತಿದ್ದರು. ಅಡಿವೆಪ್ಪ ಬೆಂಚಿನ ಮೇಲೆ ಕೂತು ಶೇಂಗಾದ ಪೊಟ್ಟಣ ಬಿಚ್ಚುತ್ತಿದ್ದ. ನಾನು ಪ್ಯಾಡುಗಳನ್ನು ಅವನ ಕಾಲ ಬಳಿ ಇಳಿಸಿದೆ. ಅವನು ಅವನ್ನು ನೋಡಿದ, ನನ್ನನ್ನು ನೋಡಿದ. ಒಮ್ಮೆ ಮೋಸಹೋದವನು, ಎದ್ದು ನಿಲ್ಲಲೂ ಹೆದರಿದ.

"ಬೆಕ್ಕು ಮತ್ತ ಮರಿ ಹಾಕೇತೇನ್ರಿ, ಬಾಯಾರ?" ಎಂದ.

"ಇಲ್ಲ. ಎಡಗಾಲ ಪಟ್ಟಿ ಹೊಸಾದಾಗಿ ಹೊಲದೈತಿ, ಬಿಗಿ ಅನಸ್ತದ. ಎರಡು ಸಲ ಎಳದು ಕಟ್ಟಿಕೊ."

ಅವನು ಕದಲಲಿಲ್ಲ. ರಾಚಪ್ಪ ಒಂದು ಕಾಲಿಗೆ ಸ್ಕೇಟು ಕಟ್ಟಿ ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಹೇಳಬೇಕಾದ ಮಾತನ್ನು ನಾನು ಇನ್ನೂ ಹೇಳಿರಲಿಲ್ಲ.

"ಜಾಗಾ ಬಿಟ್ಟೀವಿ," ಎಂದೆ.

ಅಡಿವೆಪ್ಪನ ಶೇಂಗಾ ಎಲ್ಲ ಮಂಜಿನ ಮೇಲೆ ಚೆಲ್ಲಿ ದೂರದ ತನಕ ಜಾರಿದವು. "ಇವತ್ತಽ?" ಎಂದ.

"ಪಂದ್ಯ ಇವತ್ತ ಐತಲ್ಲ."

ಅವನು ಪ್ಯಾಡು ಕಟ್ಟಿಕೊಂಡ. ಎಡಗಾಲಿನ ಪಟ್ಟಿಯನ್ನು ರಾಚಪ್ಪನೇ ಮಂಡಿಯೂರಿ ಎರಡು ಸಲ ಎಳೆದು ಕಟ್ಟಿದ. ಅಡಿವೆಪ್ಪ ಅರ್ಧಚಂದ್ರದ ಹತ್ತಿರ ಹೋಗಿ ಗೆರೆಯ ಹೊರಗೆ ನಿಂತ. ಬಗ್ಗಿ ಗೆರೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಕಾಲಿಟ್ಟ. ನಾನು ಹಲಗೆಯ ಕಡೆ ಹೋಗಲಿಲ್ಲ. ಅದು ಇನ್ನು ನನ್ನದಲ್ಲ. ಜನರ ನಡುವೆ ಸಿಕ್ಕ ಸಂದಿಯಲ್ಲಿ ಕೂತೆ.

ಆಟ ಶುರುವಾಯಿತು. ಅಡಿವೆಪ್ಪ ಬಲಕ್ಕೆ ಬಂದ ಎರಡನ್ನು ಹಿಡಿದ. ಕಾಲಿಗೆ ಬಂದದ್ದನ್ನು ಒದ್ದ. ಮೂರನೆಯದೋ ನಾಲ್ಕನೆಯದೋ ಎಡಕ್ಕೆ ಬಂತು. ಅಷ್ಟೇನೂ ವೇಗವಿರಲಿಲ್ಲ. ಅವನು ನೋಡಲೇ ಇಲ್ಲ. ಬಿಲ್ಲೆ ಅವನ ಪಕ್ಕದಿಂದ ಹಾದು ಹೋಗಿ ಬಲೆಗೆ ಬಿತ್ತು.

ಜನ ಸುಮ್ಮನಾದರು. ಇಡೀ ವರ್ಷದ ರೂಢಿ, ಬಾಯಿ ಏಳಲಿಲ್ಲ. ಅಡಿವೆಪ್ಪ ಬಲೆಯಿಂದ ಬಿಲ್ಲೆ ತೆಗೆದು ನಮ್ಮತ್ತ ನೋಡುತ್ತಾ ನಿಂತ. ಬೈಸಿಕೊಳ್ಳಲು ತಯಾರಾಗಿ ನಿಂತಿದ್ದ. ಆರು ವರ್ಷದಿಂದ ತಯಾರಾಗಿದ್ದ. ಅಕ್ಕಪಕ್ಕದವರು ಮೆಲ್ಲಗೆ ನನ್ನ ಕಡೆ ತಿರುಗಿದರು. ಆ ವರ್ಷ ದಡದಲ್ಲಿ ಅವರು ನನ್ನನ್ನು ನೇರವಾಗಿ ನೋಡಿದ್ದು ಅದೇ ಮೊದಲು.

ನಾನು ಎದ್ದು ನಿಂತು ಅಡಿವೆಪ್ಪನನ್ನು ಬೈದೆ. ಹುಟ್ಟೂರಿನಲ್ಲಾಗಲಿ ಈ ಊರಿನಲ್ಲಾಗಲಿ ಯಾರನ್ನೂ ನಾನು ಹಾಗೆ ಬೈದದ್ದಿಲ್ಲ. ಪಾಠ ಹೇಳುವ ಗಂಟಲು, ಆಚೆಯ ದಡಕ್ಕೂ ಕೇಳಿಸಿತು.

ಆಮೇಲೆ ನನ್ನ ಹಿಂದೆ ಬಸ್ಸಿನ ಕಂಡಕ್ಟರ್ ಎದ್ದ. ಅವನ ಹಿಂದೆ ಹಾಲಿನವನು. ಅವನ ಹಿಂದೆ ಇಡೀ ದಡ. ಕಾರ್ತಿಕದಿಂದ ನುಂಗಿಕೊಂಡದ್ದೆಲ್ಲ ಒಟ್ಟಿಗೆ ಬಂತು. ಮುದುಕಿಯರು ಊರುಗೋಲು ಎತ್ತಿ ಬೈದರು. ಭಾಗಾಕಾರ ಬಾರದವರು ಸಾಲಾಗಿ ನಿಂತು ಒಬ್ಬರಾದ ಮೇಲೆ ಒಬ್ಬರು ಬೈದರು. ಅಡಿವೆಪ್ಪ ಕಿವಿ ಕೊಟ್ಟು ಕೇಳಿದ. ಅವನ ಮುಖ ಕೆಂಪಾಗಿ ಅರಳಿತ್ತು. ಅವನು ಬಿಲ್ಲೆಯನ್ನು ರೆಫ್ರಿಯ ಕೈಗೆ ಕೊಟ್ಟು, ಎರಡು ಸಲ ಬಗ್ಗಿ ಎದ್ದು, ಮತ್ತೆ ಗೋಲಿನಲ್ಲಿ ನಿಂತ.

ಆರು–ಎರಡರಲ್ಲಿ ಸೋತೆವು. ಆರರಲ್ಲಿ ಐದು ಎಡಕ್ಕೆ ಬಂದವು. ರೆಫ್ರಿ ಕೊನೆಯ ಸೀಟಿ ಊದಿದಾಗ ರಾಚಪ್ಪ ಮಂಜಿನ ಮೇಲೆ ಅಂಗಾತ ಮಲಗಿಬಿಟ್ಟ. ಅಂತರ ನಾಲ್ಕೇ. ಮಂಡಳಿಯವರು ಎರಡು ಸಲ ಎಣಿಸಿ, ಇನ್ನೊಂದು ವರ್ಷ ಆಡಬಹುದು ಎಂದು ಹೇಳಿ ಹೋದರು. ಅಡಿವೆಪ್ಪ ದಡಕ್ಕೆ ಬಂದ ಮೇಲೂ ಜನ ಅವನನ್ನು ಬೈಯುವುದನ್ನು ನಿಲ್ಲಿಸಲಿಲ್ಲ. ಬೈಯುತ್ತಲೇ ಅವನ ಬೆನ್ನು ತಟ್ಟಿ ಮನೆಯ ತನಕ ಕಳಿಸಿ ಬಂದರು.

ನಾನು ಮನೆಗೆ ಬಂದಾಗ ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಪಡಸಾಲೆಯ ಮೂಲೆಯನ್ನು ಗುಡಿಸಿದ್ದರು. ಬೆಕ್ಕು ಆಗಲೇ ಉಳಿದ ಎರಡು ಮರಿಗಳನ್ನು ಅಲ್ಲಿಗೆ ತಂದು ಹಾಕಿಕೊಂಡಿತ್ತು. ನಾನು ಕೈಕಾಲು ತೊಳೆದು ತಾಟು ಹಾಕಿಕೊಂಡು ಕೂತೆ.

"ಏನಾತು?"

"ಸೋತ್ವಿ. ಅಡಿವೆಪ್ಪ ಎಡಕ್ಕ ನೋಡಂಗಿಲ್ಲ."

"ಅಂವ ಸಣ್ಣಾಂವಿದ್ದಾಗಿಂದ ಹಂಗಽ. ಎಡಕ್ಕ ಹೊಳ್ಳಬೇಕಂದ್ರ ಬಲಕ್ಕ ಮೂರು ಸಲ ಹೊಳ್ಳತಿದ್ದ." ಅತ್ತೆ ರೊಟ್ಟಿ ಹಾಕಿದರು. ಪಲ್ಯ ಹಾಕಿದರು. ಆಮೇಲೆ, ಒಲೆಯ ಕಡೆಯೇ ನೋಡುತ್ತಾ ಕೇಳಿದರು, "ಇವತ್ತ ಹೊಸಾವು ಯಾವು?"

"ಮೊದಲನೇದು ನಂದಽ," ಎಂದೆ.

ಅವರು ತಿರುಗಿ ನೋಡಿದರು. "ಏನಂದಿ? ಅಂದು ತೋರಸು."

ಅಂದೆ. "ಏ ಅಡಿವೆಪ್ಪಾ, ನಿನ್ನ ಎಡಗೈ ಏನು ತವರಮನೀಗೆ ಹೋಗೇತೇನೋ?"

ಅತ್ತೆ ಅದನ್ನು ಮನಸ್ಸಿನಲ್ಲೇ ಒಂದು ಸಲ ತೂಗಿ ನೋಡಿದರು. ಹಳೆಯದು ಇರಬಹುದೇ ಎಂದು ಹುಡುಕಿದರು.

"ಇದನ್ನ ಚನ್ನವೀರಗ ಯಾರೂ ಅಂದಿದ್ದಿಲ್ಲ," ಎಂದರು.

"ಅವಗ ಎರಡೂ ಕೈ ಇದ್ದುವು," ಎಂದೆ.

"ಇದ್ದುವು," ಎಂದರು ಅತ್ತೆ. ಬಿಸಿ ರೊಟ್ಟಿಯನ್ನು ತಾಟಿಗೆ ಹಾಕಿ, "ಎರಡನೇದು ಹೇಳು," ಎಂದರು.